ಪೊರಕೆಗೆ ಹೆದರುವ ಸಿದ್ದಲಕ್ಷ್ಮಮ್ಮ

ಶೆಟ್ಟಿಹಳ್ಳಿ ವಠಾರದ ಓನರ್ ಸಿದ್ದಲಕ್ಷ್ಮಮ್ಮನಿಗೆ ಹಾವು ಕಂಡರೂ ಭಯವಿರಲಿಲ್ಲ, ಪೊರಕೆ ಕಂಡರೆ ಜೀವ ಹಾರುತ್ತಿತ್ತು. ಬಾಡಿಗೆಗೆ ಬಂದವರಿಗೆಲ್ಲ ಮೊದಲ ಮಾತೇ, "ಪೊರ್ಕೆ ನನ್ ಕಣ್ಣಿಗ್ ಬೀಳ್ದಂಗೆ ಮಡಿಕ್ಕಳ್ರವ್ವ." ಚೇಳೂರಿನ ಕಡ್ಡಿಪೊರಕೆಯವನು ಬೀದಿಯಲ್ಲಿ ಕೂಗಿದರೆ ಚಿಲಕ ಹಾಕಿಕೊಳ್ಳುತ್ತಿದ್ದಳು, ಯಾರಾದರೂ ಮಕ್ಕಳಿಗೆ "ಪೊರ್ಕೆ ತಗಂಡ್ ಬಾರುಸ್ತೀನಿ" ಎಂದು ಗದರಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ವಠಾರವೆಲ್ಲ ನಗುತ್ತಿತ್ತು. ಒಂದು ಬೆಳಿಗ್ಗೆ ಬಾಡಿಗೆಮನೆಯ ಮಂಗಳಗೌರಿಯ ಮಗಳು ಫಿಟ್ಸ್ ಬಂದು ಅಂಗಳದಲ್ಲಿ ಬಿದ್ದಳು. "ಗಾಳಿ ಮೆಟ್ಕಂಡೈತೆ" ಎನ್ನುತ್ತಾ ಪಕ್ಕದ ಮನೆಯ ಅಜ್ಜಿ ಪೊರಕೆ ಎತ್ತಿದಳು. ಸಿದ್ದಲಕ್ಷ್ಮಮ್ಮ ಗಡಗಡ ನಡುಗುತ್ತಲೇ ಅಡ್ಡ ಬಂದು, ಆ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬ್ಯಾಡ ಕಣವ್ವ! ಗಾಳಿ ಬುಡುಸ್ತೀವಿ ಅಂತ ನನ್ ತಂಗೀನೂ ಹಿಂಗೇ ಬಡುದ್ರು. ಅವ್ಳು ಮತ್ತೆ ಏಳ್ಲೇ ಇಲ್ಲ. ಆಟೋ ಕರೀರಿ!" ಆಸ್ಪತ್ರೆಯಲ್ಲಿ ಮಗು ಕಣ್ಣುಬಿಟ್ಟು ನೀರು ಕೇಳುವವರೆಗೂ ಸಿದ್ದಲಕ್ಷ್ಮಮ್ಮನ ನಡುಕ ನಿಲ್ಲಲಿಲ್ಲ.