ಲೋರ್ನ್ ಟ್ವೈಟ್‌ನ ಲಂಗರು ಪಾಠ

ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ ಬೋಟ್ ಇಟ್ಟುಕೊಂಡವರಿಗೆಲ್ಲ ಲೋರ್ನ್ ಟ್ವೈಟ್ ಒಂದಲ್ಲ ಒಂದು ದಿನ ಪಾಠ ಹೇಳಿಯೇ ಇರುತ್ತಾನೆ. ಅದಕ್ಕೆ ನೀವು ಕೇಳಬೇಕೆಂದೇನೂ ಇಲ್ಲ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನು ಪುಟ್ಟ ಬೋಟ್ ಕೊಂಡ. ಜೊತೆಗೆ ಲಂಗರಿನ ಹುಚ್ಚೂ ಹತ್ತಿತು. ಚಳಿಗಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಬಿಸ್ಕತ್ತಿನ ಜೊತೆ ತರಗತಿ. ನೀರಿನ ಆಳ ಎಷ್ಟು, ಉಬ್ಬರ ಬಂದರೆ ಇನ್ನೆಷ್ಟು ಏರುತ್ತದೆ, ಅದಕ್ಕೆಷ್ಟು ಸರಪಳಿ ಬಿಡಬೇಕು, ಲಂಗರು ಕೆಸರಿಗೆ ಕಚ್ಚಿತೋ ಇಲ್ಲವೋ ಎಂದು ಬೋಟನ್ನು ಹಿಂದಕ್ಕೆ ಓಡಿಸಿ ಹೇಗೆ ನೋಡಬೇಕು. ದಕ್ಕೆಯಲ್ಲಿ ಬೋಟುಗಳಿಗೆ ಡೀಸೆಲ್ ತುಂಬಿಸುವ ನಾನೂ ಹೋಗಿ ಕೇಳಿದ್ದೇನೆ. ಬಿಸ್ಕತ್ತು ಚೆನ್ನಾಗಿರುತ್ತಿತ್ತು.

ಒಂದು ವರ್ಷ ಆ ತರಗತಿಗೆ ಮ್ಯೂರಿಯಲ್ ಪೆಟ್ರೀ ಬಂದಳು. ಶಾಲೆಯ ಬಸ್ ಓಡಿಸಿ ನಿವೃತ್ತಳಾದ ವಿಧವೆ. ಗಂಡನ ಬೋಟಿನಲ್ಲಿ ಬೇಸಿಗೆಗೆ ಒಬ್ಬಳೇ ದಕ್ಷಿಣಕ್ಕೆ ಹೊರಡುವವಳಿದ್ದಳು.

"ಮೇಷ್ಟ್ರೇ, ಇಷ್ಟೆಲ್ಲಾ ಲೆಕ್ಕ ಹಾಕೋಷ್ಟರಲ್ಲಿ ಬೋಟ್ ಬಂಡೆ ಹತ್ತಿರಲ್ವಾ?" ಎಂದು ಕೇಳಿದಳು.

ಎಲ್ಲರೂ ನಕ್ಕರು. ಲೋರ್ನ್ ನಗಲಿಲ್ಲ. "ಈಯಮ್ಮ ಯಾರ ಬೋಟಿಗಾದ್ರೂ ಹೋಗಿ ಗುದ್ದೇ ಗುದ್ತಾಳೆ, ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಹೇಳಿದ.

ಆ ಜುಲೈನಲ್ಲಿ ಇಬ್ಬರೂ ಬೇರೆಬೇರೆಯಾಗಿ ಹೋಗಿ ಒಂದೇ ಕೊಲ್ಲಿ ಸೇರಿದರು. ಲೋರ್ನ್ ಮೊದಲೇ ಬಂದು ಜಲಪಾತದ ಪಕ್ಕ ಲಂಗರು ಹಾಕಿದ್ದ. ಮ್ಯೂರಿಯಲ್ ಆಚೆ ತುದಿಯಲ್ಲಿ ಲಂಗರು ಹಾಕಿ ಏಡಿ ಬೇಯಿಸಲು ಕೂತಳು. ಲೋರ್ನ್ ಸ್ಯಾಮನ್ ಸ್ಯಾಂಡ್‌ವಿಚ್ ತಿಂದು ಮಲಗಿದ.

ಮಧ್ಯಾಹ್ನ ಗಾಳಿ ಎದ್ದಿತು. ಮ್ಯೂರಿಯಲ್ ತಲೆ ಎತ್ತಿದರೆ ಲೋರ್ನನ ಬೋಟ್ ಅಡ್ಡಡ್ಡವಾಗಿ, ಯಾವ ಅವಸರವೂ ಇಲ್ಲದೆ, ಅವಳ ಕಡೆಗೇ ಬರುತ್ತಿದೆ. ಕೂಗಿದಳು. ಹಾರ್ನ್ ಒತ್ತಿದಳು. ಒಳಗೆ ಯಾರೂ ಮಿಸುಕಲಿಲ್ಲ. ಅವಳ ಬೋಟಿನ ಹಿಂದೆ ಬಂಡೆಸಾಲು. ಬಿಟ್ಟರೆ ಬೋಟ್ ಅದಕ್ಕೇ ಬಡಿಯುತ್ತಿತ್ತು. ಉದ್ದನೆಯ ಕೊಕ್ಕೆಗೋಲು ಚಾಚಿ ಅದನ್ನು ಹಿಡಿದೆಳೆದು ತನ್ನ ಬೋಟಿನ ಪಕ್ಕಕ್ಕೆ ಕಟ್ಟಿಕೊಂಡಳು.

ಆ ಅಲುಗಾಟಕ್ಕೆ ಲೋರ್ನ್ ಎದ್ದು, ಬರೀ ಕಾಲುಚೀಲದಲ್ಲೇ ಡೆಕ್ಕಿಗೆ ಬಂದ.

"ನಾನು ಬಡ್ಕೊಂಡೆ! ಸರಪಳಿ ಜಾಸ್ತಿ ಬಿಡಿ ಅಂತ ಬಡ್ಕೊಂಡೆ! ಈಗ ನೋಡಿ, ಜಾರ್ಕೊಂಡು ಬಂದು ನನ್ನ ಬೋಟಿಗೆ ಅಂಟ್ಕೊಂಡಿದೀರ!"

ಮ್ಯೂರಿಯಲ್ ಏಡಿಯ ಕಾಲು ಮುರಿಯುತ್ತಾ ಪಾಠವನ್ನು ಪೂರ್ತಿ ಕೇಳಿದಳು.

"ಮೇಷ್ಟ್ರೇ, ನೀವು ಲಂಗರು ಹಾಕಿದಾಗ ಪಕ್ಕದಲ್ಲಿ ಜಲಪಾತ ಇತ್ತಲ್ವಾ?"

"ಇತ್ತು. ಅದಕ್ಕೇನೀಗ?"

"ಎಲ್ಲಿದೆ, ತೋರ್ಸಿ."

ಲೋರ್ನ್ ತಿರುಗಿದ. ಜಲಪಾತ ಕೊಲ್ಲಿಯ ಆ ತುದಿಯಲ್ಲಿ ಬಿಳಿ ದಾರದ ಹಾಗೆ ಕಾಣುತ್ತಿತ್ತು. ಮುಂದಕ್ಕೆ ಹೋಗಿ ಸರಪಳಿ ಎಳೆದ. ಲಂಗರು ಮೈತುಂಬ ಕಡಲಪಾಚಿ ಸುತ್ತಿಕೊಂಡು ಹುಲ್ಲಿನ ಹೊರೆಯಂತೆ ಮೇಲೆ ಬಂತು. ಕೆಸರಿಗೆ ಅದು ಕಚ್ಚಿಯೇ ಇರಲಿಲ್ಲ. ಬೋಟನ್ನು ಹಿಂದಕ್ಕೆ ಓಡಿಸಿ ಪರೀಕ್ಷಿಸಬೇಕಾದ ಹೊತ್ತಿಗೆ ಅವನು ಹಸಿವಾಗಿ ಸ್ಯಾಂಡ್‌ವಿಚ್ ಬಿಚ್ಚಿದ್ದ.

"ಇಲ್ಲಿ ತಳ ಸರಿ ಇಲ್ಲ" ಎಂದ, ಸಣ್ಣ ದನಿಯಲ್ಲಿ.

"ನನ್ನ ಬೋಟಿನ ಕೆಳಗೆ ಸರಿಯಾಗೇ ಇದೆ. ಬನ್ನಿ, ಏಡಿ ಆರಿ ಹೋಗ್ತಿದೆ. ಬೆಣ್ಣೆ ಇದ್ರೆ ತನ್ನಿ."

ಬೆಣ್ಣೆ ಇತ್ತು. ಗಾಳಿ ನಿಂತ ಮೇಲೂ ಲೋರ್ನ್ ಹಗ್ಗ ಬಿಚ್ಚುವ ಆತುರ ತೋರಿಸಲಿಲ್ಲ. ಹೆಂಡತಿ ಬಿಟ್ಟುಹೋದ ಮೇಲೆ ತನ್ನ ಮಾತನ್ನು ಕೊನೆಯವರೆಗೆ ಕೇಳಿದವಳು ಇವಳೊಬ್ಬಳೇ ಎಂದು ಆಮೇಲೆ ನನ್ನೊಡನೆ ಹೇಳಿದ. ಅದೊಂದನ್ನು ಅವನು ಪಾಠದ ದನಿಯಲ್ಲಿ ಹೇಳಲಿಲ್ಲ.

ಮರುವರ್ಷ ಮದುವೆಯಾದರು. ಲೋರ್ನ್ ತನ್ನ ಬೋಟ್ ಮಾರಿ ಅವಳದಕ್ಕೆ ಬಂದ. ತರಗತಿ ಈಗಲೂ ನಡೆಯುತ್ತದೆ. ಪಾಚಿಯ ಕಥೆ ಬಂದಾಗ ಮಾತ್ರ ಅದು "ನನಗೆ ಗೊತ್ತಿರೋ ಒಬ್ಬನಿಗೆ" ಆದದ್ದು ಎನ್ನುತ್ತಾನೆ.

ಹೋದ ವಾರ ಡೀಸೆಲ್‌ಗೆ ಬಂದಿದ್ದರು. "ಸರಪಳಿ ಇನ್ನಷ್ಟು ಬಿಡು ಅಂದ್ರೆ ಇವಳು ಕೇಳೋದೇ ಇಲ್ಲ ಕಣಯ್ಯ" ಎಂದು ಲೋರ್ನ್ ದೂರಿದ. ಮ್ಯೂರಿಯಲ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಕಿವಿಯಿಂದ ಶ್ರವಣಯಂತ್ರ ತೆಗೆದು ಜೇಬಿಗಿಟ್ಟುಕೊಂಡಳು.