ಬಾಡಿನ ಮಡಕೆಯ ಅಂತಸ್ತು

ಮನುಷ್ಯ ಮಣ್ಣಾದರೂ ಅವನ ಅಂತಸ್ತು ಮಣ್ಣಾಗುವುದಿಲ್ಲ. ಉಂಡ ಮಡಕೆಯ ಚೂರಿನಲ್ಲಿ ಶತಮಾನಗಳ ಕಾಲ ಉಳಿದಿರುತ್ತದೆ. ಇವು ನನ್ನವೇ ವಾಕ್ಯಗಳು. ಬರೆದಾಗ ನನಗೆ ಇಪ್ಪತ್ತೈದು ವರ್ಷ, ಒಲೆ ಹಚ್ಚಲು ಬರುತ್ತಿರಲಿಲ್ಲ.

ಈ ಬೆಳಿಗ್ಗೆ ಸೊಸೆಯ ಕೈಯಿಂದ ಮಡಕೆಯೊಂದು ಜಾರಿ ಒಡೆಯಿತು. ನಾನು ಅಭ್ಯಾಸಬಲದಿಂದ ಚೂರುಗಳನ್ನು ನುಣುಪು, ಒರಟು ಎಂದು ವಿಂಗಡಿಸುತ್ತ ಕೂತೆ. "ಅದು ಒಂದೇ ಮಡಕೆ, ಮಾವ" ಎಂದಳು. ಇಂಥ ಮಾತನ್ನು ಹಿಂದೊಮ್ಮೆ, ಇದಕ್ಕಿಂತ ದೊಡ್ಡ ನಷ್ಟದಲ್ಲಿ, ಕೇಳಿದ್ದೇನೆ.

ಎಪ್ಪತ್ತರ ದಶಕ. ಕನಕಪುರದಾಚೆ ಒಂದು ದಿಬ್ಬದಲ್ಲಿ ಪುರಾತತ್ವದ ಡಾಕ್ಟರೇಟಿಗಾಗಿ ಅಗೆಯುತ್ತಿದ್ದೆ. ಮೂಡಲ ಗುಂಡಿಯಲ್ಲಿ ಮಿರಮಿರ ಹೊಳೆಯುವ ಕಪ್ಪು ಬಟ್ಟಲು, ಕರಿಕಾದ ಹುರುಳಿ. ಪಡುವಲ ಗುಂಡಿಯಲ್ಲಿ ಮಸಿ ಹಿಡಿದ ದಪ್ಪ ಮಡಕೆ, ಕುರಿಯ ಮೂಳೆ. ನಡುವೆ ಕಲ್ಲುಗೋಡೆ. ಇನ್ನೇನು ಬೇಕು ಸ್ವಾಮಿ? ಇತ್ತ ಕಾಳು ತಿನ್ನುವ ಕುಲೀನರು, ಅತ್ತ ಬಾಡು ತಿನ್ನುವ ದುಡಿಯುವ ಜನ, ನಡುವೆ ದಬ್ಬಾಳಿಕೆ. ಒಂದು ದಪ್ಪ ಅಧ್ಯಾಯವನ್ನೇ ಬರೆದೆ. ಗುರುಗಳು ಒಪ್ಪಿದರೆ ಡಾಕ್ಟರೇಟು. ಅದು ಬಂದರೆ ಕಾಲೇಜಿನ ಕೆಲಸ ಕಾಯಂ.

ಗುರುಗಳು ಗುಂಡಿ ನೋಡಲು ಬಂದ ದಿನ, ಮಣ್ಣು ಜರಡಿ ಹಿಡಿಯುತ್ತಿದ್ದ ಕೆಂಪಮ್ಮನಿಗೆ ಈ ಎರಡು ವರ್ಗಗಳ ಕಥೆಯನ್ನು ವಿವರಿಸಿದೆ, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

"ಒಂದೇ ಮನೆ ಕಣಪ್ಪ," ಎಂದಳು ಕೆಂಪಮ್ಮ. "ಅದು ಒಳಗಿನ ಮಡಕೆ, ಇದು ಬಾಡಿನ ಮಡಕೆ. ಬಾಡಿನ ಮಡಕೇನ ಒಳಕ್ಕೆ ತಂದ್ರೆ ನಮ್ಮತ್ತೆ ಬುಡ್ತಿದ್ಲಾ? ಹಿತ್ಲಲ್ಲೇ ಬೇಯ್ಸು, ಹಿತ್ಲಲ್ಲೇ ಮಡುಗು ಅನ್ನೋಳು."

"ಇವರು ಎರಡು ಸಾವಿರ ವರ್ಷದ ಹಿಂದಿನವರಮ್ಮ."

"ಅವ್ರಿಗೂ ಅತ್ತೆ ಇರ್ನಿಲ್ವಾ? ಗೋಡೆ ಪಕ್ಕ ಒಸಿ ಕೆರೆದು ನೋಡು. ಹಿತ್ಲು ಬಾಗ್ಲು ಇದ್ದೇ ಇರ್ತದೆ."

ಚನ್ನಪಟ್ಟಣದ ನಮ್ಮ ಮನೆಯಲ್ಲೂ ಅಜ್ಜಿ ಬಾಡಿನ ಮಡಕೆಯನ್ನು ಹಿತ್ತಿಲ ಗೂಡಿನಲ್ಲೇ ಮಗುಚಿಡುತ್ತಿದ್ದಳು. ಅದರ ಸಾರು ಉಂಡೇ ನಾನು ಎಂ.ಎ. ಮುಗಿಸಿದ್ದೆ. ಪುಸ್ತಕ ಓದಿದವನಿಗೆ ಇಂಥವು ನೆನಪಿಗೆ ಬರುವುದಿಲ್ಲ, ಬಂದರೂ ತಡವಾಗಿ, ಬೆವರಿನೊಂದಿಗೆ ಬರುತ್ತವೆ. ಗೋಡೆಯನ್ನು ಮುಟ್ಟದೆ ಬಿಡಬಹುದಿತ್ತು. ಬಿಡಬೇಕೆಂದೇ ಇದ್ದೆ. ಆದರೆ ಗುರುಗಳು ಆಗಲೇ ಪಂಚೆ ಎತ್ತಿಕಟ್ಟಿ ಗುಂಡಿಗಿಳಿದಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ಗೋಡೆಯ ಸಾಲಿನಲ್ಲೇ ಹೊಸ್ತಿಲ ಕಲ್ಲು ಸಿಕ್ಕಿತು, ತುಳಿದು ತುಳಿದು ನಡುವೆ ಸವೆದಿತ್ತು.

"ಏನ್ರೀ," ಎಂದರು ಗುರುಗಳು, "ನಿಮ್ಮ ದಬ್ಬಾಳಿಕೆಯಲ್ಲಿ ಓಡಾಟ ಜೋರಾಗೇ ಇತ್ತಲ್ಲ."

ಕೆಂಪಮ್ಮ ನಗಲಿಲ್ಲ. "ಅಷ್ಟು ಸವೆಸಿರೋಳು ಸೊಸೇನೇಯ" ಎಂದು ಜರಡಿಗೆ ಹಿಂತಿರುಗಿದಳು.

ಆ ಅಧ್ಯಾಯವನ್ನು ಕೈಬಿಟ್ಟೆ. ಡಾಕ್ಟರೇಟು ನಾಲ್ಕು ವರ್ಷ ತಡವಾಗಿ ಬಂತು. ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಆಗಿತ್ತು.