ಫೋನಿನಲ್ಲಿ ಕೊಟ್ಟ ತೀರ್ಪು

ನನ್ನದು ಮೆಕ್ಯಾನಿಕ್ ಕೆಲಸವೇ, ಆದರೆ ಕೈಗೆ ಗ್ರೀಸು ಹತ್ತುವುದು ಕಡಿಮೆ. ಈಗಿನ ಮಣ್ಣು ಅಗೆಯುವ ಯಂತ್ರಗಳ ಹೊಟ್ಟೆಯಲ್ಲಿ ಮೂರು ನಾಲ್ಕು ಕಂಪ್ಯೂಟರ್ ಪೆಟ್ಟಿಗೆಗಳಿರುತ್ತವೆ. ಎಂಜಿನ್ನಿಗೊಂದು, ಪಂಪಿಗೊಂದು, ಆಪರೇಟರ್ ಎದುರಿನ ಪರದೆಗೊಂದು. ಒಂದಕ್ಕೊಂದು ಹೆಣೆದ ಎರಡು ಸಣ್ಣ ವೈರುಗಳ ಮೂಲಕ ಇವು ಸದಾ ಮಾತಾಡಿಕೊಂಡಿರುತ್ತವೆ. ಆ ಮಾತು ನಿಂತರೆ ಇಪ್ಪತ್ತು ಟನ್ನಿನ ಗಾಡಿ ಮಂಕು ಕವಿದಂತೆ ನಿಲ್ಲುತ್ತದೆ. ಆಗ ನನಗೆ ಫೋನು ಬರುತ್ತದೆ.

ಮೊದಲು ಶಿಕಾರಿಪುರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದೆ. ಟೀವಿಗಳು ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ, ಕೆಟ್ಟರೆ ರಿಪೇರಿ ಮಾಡಿಸುವ ಬದಲು ಹೊಸದು ತರುವುದೇ ರೂಢಿಯಾಯಿತು. ನಾನು ಮೀಟರು ಎತ್ತಿಕೊಂಡು ಈ ಕಡೆ ಬಂದೆ. ಬಂದ ಸ್ವಲ್ಪ ದಿನಕ್ಕೇ ಹೆಸರೂ ಬಂತು, ಹೆಸರಿನ ಹಿಂದೆಯೇ ಕೊಬ್ಬೂ ಬಂತು. ಗಾಡಿ ನೋಡದೆ ಫೋನಿನಲ್ಲೇ ರೋಗ ಹೇಳಿಬಿಡುತ್ತಿದ್ದೆ. ಹತ್ತಕ್ಕೆ ಎಂಟು ಸರಿಯಾಗುತ್ತಿತ್ತು, ಉಳಿದೆರಡನ್ನು ನಾನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಆ ವರ್ಷ ದಸರಾ ಮುಗಿದ ವಾರ ಗಾಡಿ ಮಾಲೀಕರೊಬ್ಬರ ಫೋನು ಬಂತು. ಶಿಕಾರಿಪುರದವರೇ, ಮೆಕ್ಕೆಜೋಳದ ವ್ಯಾಪಾರ ಮಾಡುತ್ತ ಒಂದು ಎಕ್ಸ್‌ಕವೇಟರ್ ಕೊಂಡವರು. ಆಗ ಅದು ಸೊರಬದ ಆಚೆ, ಜಡೆಯ ದಾರಿಯಲ್ಲಿ ಮೋರಿ ಕೆಲಸಕ್ಕೆ ನಿಂತಿತ್ತು.

"ಏನ್ರೀ, ಗಾಡಿ ಕೈ ಕೊಟ್ಟೈತಿ. ಸ್ಕ್ರೀನ್ ಮ್ಯಾಲೆ ಎಂಥದೋ ಕಮ್ಯುನಿಕೇಶನ್ ಎರರ್ ಅಂತ ಬರ್ತೈತಿ. ಒಂದ್ಸಲ ನಡೀತೈತಿ, ಒಂದ್ಸಲ ಇಲ್ಲ."

"ಆಯುಧಪೂಜೆಗೆ ತೊಳೆದ್ರೇನ್ರೀ?"

"ತೊಳೀದೆ ಬಿಡ್ತಾರೇನ್ರೀ? ಪಂಪ್ ಹಚ್ಚಿ ಫಳಫಳ ಅನ್ನಂಗೆ ತೊಳೆದಾನ."

"ಮತ್ತೇನು! ವೈರ್ ಕನೆಕ್ಟರಿಗೆ ನೀರು ಹೊಕ್ಕದೆ. ನಿಮ್ಮ ಆಪರೇಟರ್ ದೇವ್ರಿಗೆ ಮಾಡೋ ಅಭಿಷೇಕಾನ ಕಂಪ್ಯೂಟರಿಗೆ ಮಾಡ್ಯಾನೆ."

ಆ ಕಡೆ ನಾಲ್ಕಾರು ಜನ ನಕ್ಕಿದ್ದು ಕೇಳಿಸಿತು. ನನ್ನ ಮಾತಿಗೆ ನಾನೂ ನಕ್ಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಜಾತಿಗೆ ನಾನು ಸೇರಿದ್ದು ಹೀಗೆ.

ಮರುದಿನ ಹನ್ನೊಂದರ ಹೊತ್ತಿಗೆ ಬೈಕಿನಲ್ಲಿ ಅಲ್ಲಿಗೆ ಮುಟ್ಟಿದೆ. ಗಾಡಿಯ ನೆರಳಿನಲ್ಲಿ ಆಪರೇಟರ್ ಕೂತಿದ್ದ. ಸೊರಬ ಕಡೆಯವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಕ್ಕದಲ್ಲಿ ಬಟ್ಟೆಯ ಚೀಲ.

"ಎಲ್ಲಿಗೆ ಹೊರಟಿದ್ದು?" ಎಂದೆ.

"ಮನೆಗೆ ಸಾರ್. ನಿಮ್ಗೆ ಕೀ ಕೊಟ್ಟು ಹೋಗು ಅಂದಾರೆ ಓನರ್ರು. ಗಾಡಿ ಹಾಳು ಮಾಡೋನು ಬ್ಯಾಡ ಅಂತ. ಬ್ಯಾರೆಯವ್ನು ನಾಳೆ ಬರ್ತಾನಂತೆ."

ನನ್ನ ಒಂದು ತಮಾಷೆ ಒಬ್ಬನ ಕೆಲಸ ತೆಗೆದಿತ್ತು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ, ನೀರು ಹೊಕ್ಕಿದ್ದೇ ನಿಜವಾಗಲಿ ಎಂದು ಒಳಗೊಳಗೇ ಬಯಸುತ್ತ ಒಂದೊಂದೇ ಕನೆಕ್ಟರ್ ಬಿಚ್ಚಿದೆ. ಒಂದರಲ್ಲೂ ತೇವದ ಗುರುತಿಲ್ಲ, ಹಸಿರು ಕಿಲುಬಿಲ್ಲ.

"ಹಾಲಿನ ಕವರ್ ಕಟ್ಟಿದ್ದೆ ಸಾರ್ ಎಲ್ಲದಕ್ಕೂ," ಎಂದ ಆಪರೇಟರ್. "ತೊಳೆದ್ಮೇಲೆ ಬಿಚ್ಚಿ, ಪೆಟ್ಟಿಗೆ ಮೇಲೆ ವಿಭೂತಿ ಸೈತ ಒಣದ್ದೇ ಹಚ್ಚೀನಿ."

ಬ್ಯಾಟರಿ ಕಳಚಿ ಆ ಎರಡು ವೈರುಗಳ ನಡುವೆ ಮೀಟರು ಹಿಡಿದೆ. ಅರವತ್ತು ಓಮ್ ತೋರಿಸಬೇಕು, ಅರವತ್ತೇ ತೋರಿಸಿತು. ಅಂದರೆ ವೈರು ಎಲ್ಲೂ ತುಂಡಾಗಿಲ್ಲ. ಬ್ಯಾಟರಿ ಮತ್ತೆ ಜೋಡಿಸಿ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಅದು ಪೆಟ್ಟಿಗೆಗಳು ಆಗಾಗ ಮಾತು ಬಿಟ್ಟಿವೆ ಎಂದಿತೇ ಹೊರತು ಯಾಕೆಂದು ಹೇಳಲಿಲ್ಲ. ನಾನು ಲ್ಯಾಪ್‌ಟಾಪನ್ನೇ ಬೈದೆ. ಒಂದು ಗಂಟೆ ಕಳೆಯಿತು. ಆಪರೇಟರ್ ಚೀಲ ಬಿಟ್ಟು ಬಂದು, ಕೇಳದೆಯೇ ನನಗೆ ಪಾನಾ ಕೊಡುತ್ತ ನಿಂತಿದ್ದ.

ಕೊನೆಗೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಯಾವಾಗ ಕೈ ಕೊಡುತ್ತೆ ಇದು?"

"ಎಡಕ್ಕೆ ತಿರುಗಿಸಿ ಫಕ್ಕನೆ ನಿಲ್ಸಿದಾಗ ಸಾರ್. ಬಲಕ್ಕೆ ತಿರುಗಿಸಿದ್ರೆ ಏನೂ ಆಗೋದಿಲ್ಲ. ಓನರ್ರಿಗೆ ನಾಕು ಸಲ ಹೇಳ್ದೆ."

ಗಾಡಿಗೆ ಅವನನ್ನೇ ಹತ್ತಿಸಿದೆ. ಗಾಡಿ ಎಡಕ್ಕೆ ತಿರುಗಿ ಗಕ್ಕನೆ ನಿಂತಿತು, ಪರದೆಯ ಮೇಲೆ ಕೆಂಪು ದೀಪ ಹೊತ್ತಿತು. ಬಲಕ್ಕೆ ತಿರುಗಿದಾಗ ಏನೂ ಇಲ್ಲ. ಎಂಜಿನ್ ಆರಿಸಿ, ಕ್ಯಾಬಿನ್ ಹಿಂದಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟೆ. ವೈರಿನ ಕಟ್ಟು ಅದನ್ನು ಬಿಗಿದಿಡುವ ಹಿಡಿಕೆಯಿಲ್ಲದೆ ಜೋತುಬಿದ್ದು, ಕುಲುಕಿದಾಗೆಲ್ಲ ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜುತ್ತಿತ್ತು. ಸಿಪ್ಪೆ ಸುಲಿದು ತಾಮ್ರ ಮಿನುಗುತ್ತಿತ್ತು. ಅದು ಕಬ್ಬಿಣಕ್ಕೆ ತಾಗಿದ ಕ್ಷಣ ಎಲ್ಲ ಪೆಟ್ಟಿಗೆಗಳ ಮಾತೂ ಬಂದ್.

ಸುಲಿದ ಜಾಗದ ಪಕ್ಕದಲ್ಲೇ ಹಳೆಯ ಬೆಸುಗೆಯೊಂದಿತ್ತು. ಅದರ ಮೇಲಿನ ನೀಲಿ ಟೇಪು ನನ್ನದು.

ಹಿಂದಿನ ಬೇಸಿಗೆಯಲ್ಲಿ ಇದೇ ಗಾಡಿ ತಾಳಗುಂದದಲ್ಲಿ ಕೃಷಿ ಹೊಂಡ ತೋಡುತ್ತಿದ್ದಾಗ ಇಲಿ ವೈರು ಕಡಿದಿತ್ತು. ಬೆಸೆದವನು ನಾನು. ಹೊಲದವರ ಮನೆಯಲ್ಲಿ ಹೋಳಿಗೆ ಊಟಕ್ಕೆ ಎರಡನೇ ಸಲ ಕರೆ ಬಂದಿತ್ತು, ಕಟ್ಟನ್ನು ಮತ್ತೆ ಹಿಡಿಕೆಗೆ ಬಿಗಿಯದೆ ತಗಡು ಮುಚ್ಚಿ ಎದ್ದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಅವನು. ನನಗೆ ನಾಚಿಕೆಯಾಯಿತು.

ವೈರು ಸರಿಮಾಡಿ, ಹಿಡಿಕೆ ಹಾಕಿ ಮುಗಿಸುವಷ್ಟರಲ್ಲಿ ಮಾಲೀಕರ ಜೀಪು ಬಂತು. ಆಪರೇಟರ್ ಪಕ್ಕದಲ್ಲೇ ಇದ್ದ. ಅವನೆದುರೇ ಹೇಳಿದೆ: "ನೀರಲ್ಲ ಯಜಮಾನ್ರೇ. ತಪ್ಪು ನಂದು. ತಾಳಗುಂದದಾಗೆ ನಾನು ವೈರ್ ಸರಿಯಾಗಿ ಕಟ್ಟಿರಲಿಲ್ಲ."

ಬೈಗುಳಕ್ಕೆ ತಯಾರಾಗಿದ್ದೆ. ಅವರು ಗಹಗಹಿಸಿ ನಕ್ಕರು. "ಅಯ್ಯ, ಆಕ್ಕತಿ ಬಿಡ್ರೀ! ಮನುಷ್ಯಾ ಅಂದ್ಮೇಲೆ ಒಂದ್ ತಪ್ಪು ಆಗೋದೇ. ಬರ್ರಿ, ಚಾ ಕುಡಿಯಣ." ಆಮೇಲೆ ಆಪರೇಟರ್ ಕಡೆ ತಿರುಗಿ, "ಏ, ಹತ್ತೋ ಗಾಡಿ. ಒಂದಿನ ಹಾಳಾತು," ಎಂದರು.

ಮಾಡದ ತಪ್ಪಿಗೆ ಅವನಿಗೆ ಮನೆ ದಾರಿ, ಮಾಡಿದ ತಪ್ಪಿಗೆ ನನಗೆ ಚಹಾ. ಆಪರೇಟರ್ ಗಾಡಿ ಹತ್ತಲಿಲ್ಲ. ಸಿಟ್ಟೂ ಮಾಡಲಿಲ್ಲ. ನನ್ನನ್ನೇ ನೋಡಿ ಹೇಳಿದ:

"ನಿನ್ನೆ ಓನರ್ರು ಫೋನು ಸ್ಪೀಕರಿಗೆ ಹಾಕಿದ್ರು ಸಾರ್. ನೀವು ಹೇಳಿದ್ದು ಮೋರಿ ಕೆಲಸದೋರೆಲ್ಲ ಕೇಳಿ ನಕ್ರು. ಈಗ ಹೇಳಿದ್ದು ನಾವು ಮೂರೇ ಜನ ಕೇಳಿದ್ದು."

ಅಂದರೆ ನಾನು ಬೆಳಗ್ಗೆ ಬಂದಾಗಲೇ ಕೆಲಸ ಹೋದದ್ದು ನನ್ನ ಮಾತಿನಿಂದ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಗಂಟೆ ಹೊತ್ತು ನನಗೆ ಪಾನಾ ಕೊಟ್ಟಿದ್ದ.

ಮಾಲೀಕರು ಏನೋ ಅನ್ನುವಷ್ಟರಲ್ಲಿ ನಾನು ದಿಬ್ಬ ಹತ್ತಿದ್ದೆ. ಮೋರಿಯ ಹತ್ತಿರ ಹತ್ತು ಹನ್ನೆರಡು ಜನ ಬುತ್ತಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ನಿನ್ನೆ ಫೋನಿನಾಗೆ ನಾನು ಹೇಳಿದ್ದು ಸುಳ್ಳು. ಗಾಡಿ ಕೆಡಿಸಿದ್ದು ಆಪರೇಟರ್ ಅಲ್ಲ, ನಾನು."

ಯಾರೂ ನಗಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

"ಅಂವ ನಿನ್ನೇನೇ ಹೇಳಿದ್ನಪ್ಪ, ನಾನು ಕವರ್ ಕಟ್ಟಿ ತೊಳ್ದೀನಿ ಅಂತ," ಎಂದಳು. "ನಿಮ್ಮಂಥ ತಿಳಿದೋರು ಹಂಗಂದ್ಮೇಲೆ ಅವನ ಮಾತು ಯಾರು ಕೇಳ್ತಾರೆ?"

ಕೆಳಗೆ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.